ಯೂರಾಲಜಿ ಸ್ಕೋಪ್ ಕೆಲಸ ಕಲಿಯೋಕೆ ಏನು ತಗೊಳ್ಳೋದು: ವಿಆರ್ ಯಂತ್ರವೋ, ಮೇಜಿನ ಮೇಲಿಡೋ ಮಾಡೆಲ್ಲೋ?

ನೇತ್ರಾವತಿ_ಮುಂಬೈ:

ಎಲ್ಲರಿಗೂ ನಮಸ್ಕಾರ. ಮುಂಬೈನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಯೂರಾಲಜಿ (ಮೂತ್ರಾಂಗಗಳ ಸರ್ಜರಿ) ಎಂಸಿಎಚ್ ಮಾಡ್ತಿದ್ದೀನಿ, ಎರಡನೇ ವರ್ಷ. ದಾನಿಯೊಬ್ಬರು ನಮ್ಮ ವಿಭಾಗಕ್ಕೆ "ಕಲಿಯೋ ಡಾಕ್ಟರುಗಳಿಗೆ ಉಪಯೋಗ ಆಗೋ ಹಾಗೆ ಏನಾದ್ರೂ ತಗೊಳ್ಳಿ" ಅಂತ ಹಣ ಕೊಡೋಕೆ ಮುಂದೆ ಬಂದಿದ್ದಾರೆ. ಏನು ತಗೋಬೇಕು ಅಂತ ಟಿಪ್ಪಣಿ ಬರೆಯೋ ಕೆಲಸ ಬಾಸ್ ನನ್ನ ತಲೆಗೆ ಕಟ್ಟಿದ್ದಾರೆ.

ನಮ್ಮಲ್ಲೇ ಎರಡು ಪಂಗಡ. ಒಬ್ಬ ಲೆಕ್ಚರರ್‌ಗೆ ವಿಆರ್ (ವರ್ಚುವಲ್ ರಿಯಾಲಿಟಿ) ಸಿಮ್ಯುಲೇಟರೇ ಆಗಬೇಕು: ಪರದೆ, ಪೆಡಲ್, ಕೊನೆಗೆ ಅಂಕಪಟ್ಟಿ, ಎಲ್ಲ ಯಂತ್ರವೇ ಕೊಡುತ್ತೆ. ನಮ್ಮ ಸೀನಿಯರ್ ಹೇಳೋದು ಬೇರೆ. ಆ ದುಡ್ಡಿನ ಒಂದು ಚೂರಿನಲ್ಲೇ ಸಿಲಿಕೋನ್ ಮಾಡೆಲ್‌ಗಳು ಬರುತ್ತವೆ, ನಿಜವಾದ ಸ್ಕೋಪ್ (ದೇಹದೊಳಗೆ ನೋಡೋ ಕೊಳವೆ), ದಾರಿ ತೋರೋ ವೈರ್, ಕಲ್ಲು ಹಿಡಿಯೋ ಬಾಸ್ಕೆಟ್ ಹಿಡಿದೇ ಕಲಿಯಬಹುದು ಅಂತ. ನಮ್ಮಲ್ಲಿ ಪೇಷೆಂಟ್‌ಗಳಿಗೆ ಬರ ಇಲ್ಲ. ಆದರೆ ಆಪರೇಷನ್ ಲಿಸ್ಟ್ ಮುಗಿಸೋ ಗಡಿಬಿಡಿಯಲ್ಲಿ ನಮ್ಮ ಕೈಗೆ ಸ್ಕೋಪ್ ಬರೋದು ಸಿಸ್ಟೋಸ್ಕೋಪಿಗೆ (ಮೂತ್ರಕೋಶದ ಒಳಗೆ ನೋಡೋದು), ಸ್ಟೆಂಟ್ ತೆಗೆಯೋಕೆ, ಅಷ್ಟೇ. ಫ್ಲೆಕ್ಸಿಬಲ್ ಯೂರೆಟರೋಸ್ಕೋಪ್ (ಕಿಡ್ನಿವರೆಗೂ ಹೋಗೋ, ಬಾಗೋ ಸ್ಕೋಪ್) ಅಂತೂ ದೂರದಿಂದ ದರ್ಶನ. ಬಳಸಿದವರು ಯಾರಾದ್ರೂ ಇದ್ರೆ ಹೇಳಿ. ಮುಂಬೈ, ಪುಣೆ, ಗೋವಾದವರಾದ್ರೆ ನಾನೇ ಬಂದು ನೋಡ್ತೀನಿ.

ಘಾಟ್‌ಕೋಪರ್_ಹೋಟೆಲಿನವ:

ಡಾಕ್ಟ್ರಲ್ಲದವ ನಡುವೆ ಬಾಯಿ ಹಾಕ್ತಿದ್ದೇನೆ, ಬೇಜಾರು ಮಾಡ್ಬೇಡಿ. ನನ್ನದು ಕಿಡ್ನಿ ಕಲ್ಲಿನ ದೇಹ. ಒಲೆಯ ಬುಡದಲ್ಲಿ ನಿಂತು ನಿಂತು ನೀರು ಕುಡಿಯುವುದೇ ಮರೆತು ಹೋಗ್ತದೆ, ಮತ್ತೆ ಆಸ್ಪತ್ರೆಗೆ ಓಡುವುದು. ನೀವು ಬರೆದದ್ದು ಓದಿ ಒಂದು ಸಂಶಯ ಬಂತು ಮಾರಾಯ್ರೆ. ಇಷ್ಟು ಸಮಯ ನೀವೆಲ್ಲ ಕಲಿತದ್ದು ಯಾರ ಮೇಲೆ? ನಮ್ಮ ಮೇಲೆಯಾ?

ನೇತ್ರಾವತಿ_ಮುಂಬೈ:

ಅಣ್ಣಾ, ಮುಚ್ಚುಮರೆ ಇಲ್ಲದೆ ಹೇಳ್ಬೇಕಂದ್ರೆ ಹೌದು. ಆದ್ರೆ ಸ್ಕೋಪಿನ ಕೆಲಸದಲ್ಲಿ ಒಳಗಿನದ್ದೆಲ್ಲ ಮಾನಿಟರ್ ಮೇಲೆ ಎಲ್ಲರಿಗೂ ಕಾಣುತ್ತೆ. ಪಕ್ಕದಲ್ಲಿರೋ ಸೀನಿಯರ್‌ಗೆ ಸ್ವಲ್ಪ ಅನುಮಾನ ಬಂದ್ರೂ ಸ್ಕೋಪ್ ಅವರ ಕೈಗೆ ವಾಪಸ್. ನಿಮಗೆ ಅದೇ ಧೈರ್ಯ, ನಮಗೆ ಅದೇ ಗೋಳು. ಅದಕ್ಕೇ ಈ ಮಾಡೆಲ್ ಹುಡುಕಾಟ.

ಕೋಥ್ರೂಡ್_ವಿಜಾಪುರದಾಂವ:

ತಂಗಿ, ನಾ ಪುಣೇದಾಗ ಯೂರಾಲಜಿ ಪ್ರ್ಯಾಕ್ಟೀಸ್ ಮಾಡಾಕತ್ತು ಭಾಳ ವರ್ಷ ಆತು, ಹುಡುಗರಿಗೆ ಕಲಸೂದೂ ನಡದೈತಿ. ಮೊದಲ ಏನು ಕಲೀಬೇಕು ಅನ್ನೂದು ಗಟ್ಟಿ ಮಾಡ್ಕೊ, ಆಮ್ಯಾಲ ಸಾಮಾನಿನ ಮಾತು.

ಯೂರೆಟರೋಸ್ಕೋಪೀನ ತಗೋ. ಯೂರೆಟರ್ ಅಂದ್ರ ಕಿಡ್ನಿಯಿಂದ ಬ್ಲ್ಯಾಡರಿಗೆ (ಮೂತ್ರಕೋಶಕ್ಕ) ಬರೂ ನಾಳ, 25ರಿಂದ 30 ಸೆಂಟಿಮೀಟರ್ ಉದ್ದ, ಅಗಲ 3–4 ಮಿಲಿಮೀಟರ್. ಬ್ಲ್ಯಾಡರ್ ಸೇರೂ ಕಡೆ, ಇಲಿಯಾಕ್ ರಕ್ತನಾಳ ದಾಟೂ ಕಡೆ, ಮ್ಯಾಲ ಕಿಡ್ನಿ ಪೆಲ್ವಿಸ್ ಕೂಡೂ ಕಡೆ ಇನ್ನೂ ಇಕ್ಕಟ್ಟು. 3 ಫ್ರೆಂಚ್ ಅಂದ್ರ 1 ಮಿಲಿಮೀಟರ್, ಅಂದ್ರ 8 ಫ್ರೆಂಚ್ ಸ್ಕೋಪ್ ಅದರಾಗ ಹೆಂಗ ಕೂಡತೈತಿ ನೀನ ಲೆಕ್ಕಾ ಹಾಕು. ಹೊಸಬರು ಇಲ್ಲಿ ಮಾಡೂದು ಒಂದ ತಪ್ಪು. ದಾರಿ ಕಾಣವಲ್ದು, ಪರದೆ ತುಂಬ ಕೆಂಪಗ ಗೋಡೆ ಕಾಣತೈತಿ, ಆದ್ರೂ ಮುಂದ ನೂಕತಾರ. ಕಾಣಲಿಲ್ಲಂದ್ರ ಹಿಂದ ಸರೀಬೇಕು, ವೈರ್ ಎಲ್ಲೈತಿ ನೋಡಬೇಕು, ವೈರಿನ ಜಾಡು ಹಿಡಕೊಂಡು ಮತ್ತ ಹೋಗಬೇಕು. ಇದು ಬಾಯಿಂದ ಹೇಳಿದ್ರ ಬರೂದಿಲ್ಲ, ಕೈಗೆ ಹತ್ತಬೇಕು. ಮೇಜಿನ ಮ್ಯಾಲಿನ ಮಾಡೆಲ್ ಇದಕ್ಕ ಸಾಕು.

ಇನ್ನ ಬಾಸ್ಕೆಟ್. ನಾ ಹುಡುಗರಿಗೆ ಒಂದು ಮೋಸದ ಆಟ ಇಡತೀನಿ. ಮಾಡೆಲ್‌ನ ಯೂರೆಟರಿನಾಗ ಬೇಕಂತಲೇ ದೊಡ್ಡ ಕಲ್ಲು ಹಾಕಿರತೀನಿ, ಹೊರಗ ಬರಾಕ ಶಕ್ಯನ ಇರೂದಿಲ್ಲ. ಹುಡುಗ ಬಾಸ್ಕೆಟಿನಾಗ ಹಿಡದು ಜಗ್ಗತಾನ. ಸಿಲಿಕೋನ್ ಕೊಳವಿ ಕಲ್ಲಿನ ಜೋಡಿ ಕೆಳಗ ಬರಾಕತ್ತಿದ್ದು ಪರದೆ ಮ್ಯಾಲ ಛಲೋ ಕಾಣತೈತಿ. ಖರೇ ಮನಷ್ಯಾನಾಗ ಹಿಂಗ ಜಗ್ಗಿದ್ರ ಯೂರೆಟರ್ ಕಿತ್ತ ಕೈಗೆ ಬರತೈತಿ, ಅದರಷ್ಟು ಘೋರ ನಮ್ಮ ಕೆಲಸದಾಗ ಮತ್ತೊಂದಿಲ್ಲ. ಜಗ್ಗೂದು ಬಿಟ್ಟು ಬಾಸ್ಕೆಟ್ ತಗದು, ಕಲ್ಲು ಅಲ್ಲೇ ಬಿಟ್ಟು, "ಸರ್, ಇದನ್ನ ಲೇಸರ್ ಹೊಡದು ಸಣ್ಣ ಮಾಡಬೇಕು" ಅಂದಾಂವ ಪಾಸು. ಕಲ್ಲು ತಗದಾಂವ ಅಲ್ಲ.

ದುಡ್ಡಿನ ಮಾತಿಗೆ ಬರೂಣು. 2002ರಾಗ ಟೊರಾಂಟೋದವರು ಒಂದು ಅಧ್ಯಯನ ಮಾಡ್ಯಾರ. 40 ಮಂದಿ ಕಡೇ ವರ್ಷದ ವೈದ್ಯಕೀಯ ವಿದ್ಯಾರ್ಥಿಗಳು, ಮೂರು ಗುಂಪು: ಒಂದಕ್ಕ ಬರೇ ಪಾಠ, ಒಂದಕ್ಕ 3700 ಕೆನಡಾ ಡಾಲರಿನ ಮಾಡೆಲ್, ಇನ್ನೊಂದಕ್ಕ 20 ಡಾಲರಿನ್ಯಾಗ ಅವರ ಕಟ್ಟಿದ ಮಾಡೆಲ್: ಪೆನ್‌ರೋಸ್ ಡ್ರೇನ್ (ಮೆತ್ತನ ರಬ್ಬರ್ ಕೊಳವಿ), ಬೋರಲ ಹಾಕಿದ ಕಪ್, ಲೇಟೆಕ್ಸ್, ಎರಡು ಸ್ಟ್ರಾ. ಕೈಯಿಂದ ಮಾಡಿದ ಎರಡೂ ಗುಂಪು ಬರೇ ಪಾಠ ಕೇಳಿದವರಿಗಿಂತ ಛಲೋ ಮಾಡಿದ್ವು. 20 ಡಾಲರಿನವರಿಗೂ 3700ರವರಿಗೂ ಹೇಳೂವಂಥಾ ಫರಕ್ ಸಿಗಲಿಲ್ಲ. ನಿನ್ನ ಟಿಪ್ಪಣಿಯಾಗ ಇದನ್ನ ಮೊದಲ ಬರಿ.

ಡೊಂಬಿವಿಲಿ_ಅನಸ್ತೇಶಿಯಾ:

ಸರ್, ಆ ಪೇಪರ್ ನಾನೂ ಓದಿದೀನಿ. ಅಲ್ಲಿದ್ದವರು ರೆಸಿಡೆಂಟ್‌ಗಳಲ್ಲ, ವಿದ್ಯಾರ್ಥಿಗಳು. ಪರೀಕ್ಷೆ ಆಗಿದ್ದೂ ರೋಗಿ ಮೇಲಲ್ಲ. ಸ್ಟ್ರಾದಲ್ಲಿ ಚೆನ್ನಾಗಿ ಮಾಡಿದವನು ಒಟಿಯಲ್ಲೂ (ಆಪರೇಷನ್ ಥಿಯೇಟರ್) ಚೆನ್ನಾಗಿ ಮಾಡ್ತಾನೆ ಅಂತ ಅದರಿಂದ ಹೇಳೋಕಾಗಲ್ಲ.

ಟೇಬಲ್‌ನ ತಲೆಕಡೆ ಕೂತು ನೋಡೋಳು ನಾನು. ನಿಮ್ಮ ಸಿಲಿಕೋನ್ ಕಿಡ್ನಿ ಉಸಿರಾಡಲ್ಲ. ಒಟಿಯಲ್ಲಿ ಪ್ರತಿ ಉಸಿರಿಗೂ ಕಿಡ್ನಿ ಮೇಲೆ ಕೆಳಗೆ ಹೋಗುತ್ತೆ, ಲೇಸರ್ ತುದಿ ಕಲ್ಲಿನಿಂದ ಜಾರಿ ಗೋಡೆಗೆ ಹೋಗುತ್ತೆ, ಆಗ ನನ್ನ ಕಡೆ ತಿರುಗಿ "ಉಸಿರಿನ ವಾಲ್ಯೂಮ್ ಕಮ್ಮಿ ಮಾಡಿ" ಅಂತೀರಿ. ಮಾಡೆಲ್‌ನಲ್ಲಿ ರಕ್ತ ಬರಲ್ಲ. ಟಿಯುಆರ್‌ಪಿಯಲ್ಲಿ (ಸ್ಕೋಪಿನಿಂದ ಪ್ರಾಸ್ಟೇಟ್ ಗ್ರಂಥಿ ಕೊಯ್ಯೋದು) ತೊಳೆಯೋಕೆ ಬಿಡೋ ಗ್ಲೈಸಿನ್ ದ್ರವ ಒಳಗೆ ಹೀರಿಕೊಂಡು ಸೋಡಿಯಂ ಇಳಿದಾಗ ಸ್ಪೈನಲ್ ಅನಸ್ತೇಶಿಯಾ ಕೊಟ್ಟ ತಾತ ಚಡಪಡಿಸೋಕೆ ಶುರು ಮಾಡ್ತಾರೆ, ಅದನ್ನ ಯಾವ ಮಾಡೆಲ್ ತೋರಿಸುತ್ತೆ?

ವಿಆರ್ ಬಗ್ಗೆಯೂ ಕೇಳಿ. ನಾನು ಮುಂಚೆ ಇದ್ದ ಒಂದು ಕಾಲೇಜಲ್ಲಿ ಅಂಥ ಯಂತ್ರ ಇತ್ತು. ಇನ್‌ಸ್ಪೆಕ್ಷನ್ ದಿನ ಹೊದಿಕೆ ತೆಗೀತಿದ್ರು, ಮಾರನೇ ದಿನ ಮತ್ತೆ ಮುಚ್ತಿದ್ರು. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಮುಗೀತು, ಯಾರೂ ರಿನ್ಯೂ ಮಾಡಲಿಲ್ಲ.

ಕೋಥ್ರೂಡ್_ವಿಜಾಪುರದಾಂವ:

ಮೇಡಂ, ನಿಮ್ಮ ಮಾತು ಖರೇ ಐತಿ. ಒಟಿ ಮಟ್ಟ ಹೋದ ಅಧ್ಯಯನಾನೂ ಐತಿ, ಕೇಳ್ರಿ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಮುಂದಾಗಿ ನಿಂತು ಭಾಳ ಆಸ್ಪತ್ರೆ ಕೂಡಿಸಿ ಮಾಡಿದ ಸಿಮ್ಯುಲೇಟ್ ಅನ್ನೂ ಟ್ರಯಲ್, 2022ರಾಗ ಪ್ರಕಟ ಆತು. 65 ಮಂದಿ ಟ್ರೇನಿಗಳು, ಖರೇ ರೋಗಿಗಳ ಮ್ಯಾಲ 1140 ಯೂರೆಟರೋಸ್ಕೋಪಿ. ಅರ್ಧ ಮಂದಿಗೆ ಮೊದಲ ಸಿಮ್ಯುಲೇಟರ್ ಮ್ಯಾಲ ತರಬೇತಿ, ಉಳದವರಿಗೆ ಒಟಿಯಾಗ ಹೆಂಗ ನಡೀತೈತಿ ಹಂಗ. ಹದಕ್ಕ ಬರಾಕ ಸಿಮ್ಯುಲೇಟರಿನವರಿಗೆ ಹತ್ತತ್ರ 8 ಕೇಸು, ಉಳದವರಿಗೆ 9. ಅದರಾಗ ಏನೂ ಹೆಚ್ಚಿನ ಫರಕ್ ಇಲ್ಲ. ಯಂತ್ರ ಮಾರೂ ಕಂಪನಿಯವರು ಈ ಸಾಲು ಓದೂದಿಲ್ಲ! ಫ್ಲೆಕ್ಸಿಬಲ್ ಸ್ಕೋಪಿನ್ಯಾಗ ಮಾತ್ರ ಸಿಮ್ಯುಲೇಟರಿನವರು ಲಗೂನ ಹದಕ್ಕ ಬಂದ್ರು. ಆದ್ರ ನೋಡಬೇಕಾದ್ದು ಬ್ಯಾರೆ: ತೊಡಕುಗಳು ಸಿಮ್ಯುಲೇಟರಿನವರ ಕಡೆ 15, ಉಳದವರ ಕಡೆ 37. ಯೂರೆಟರಿಗೆ ಗಾಯ ಸಿಮ್ಯುಲೇಟರಿನವರ ಕಡೆ 3, ಉಳದವರ ಕಡೆ 9.

ಘಾಟ್‌ಕೋಪರ್ ಅಣ್ಣಾವ್ರ ಪ್ರಶ್ನೆಗೂ ಇದ ಉತ್ತರ. ಕಲಿಯೂ ವೇಗ ಏನ ಇರಲಿ, ಅವರ ಯೂರೆಟರಿಗೆ ಪೆಟ್ಟು ಕಡಿಮಿ ಆದ್ರ ಆತು.

ಡೊಂಬಿವಿಲಿ_ಅನಸ್ತೇಶಿಯಾ:

ಸರಿ, ಈ ಅಂಕಿಗೆ ತಲೆ ಬಾಗಿಸ್ತೀನಿ. ಆದ್ರೆ ಆ ತರಬೇತಿಯಲ್ಲಿ ಮೇಜಿನ ಮಾಡೆಲ್, ವಿಆರ್ ಎರಡೂ ಸೇರಿತ್ತು, ಜೊತೆಗೆ ಕಲಿಸೋರು ಪಕ್ಕದಲ್ಲಿ ಕೂತಿದ್ರು. ನೇತ್ರಾವತಿ, ನಿಮ್ಮಲ್ಲಿ ಕೂರೋರು ಯಾರು? ಮಾಡೆಲ್ ತಂದು ಸ್ಕಿಲ್ ಲ್ಯಾಬ್‌ನ ಬೀರುವಿನಲ್ಲಿ ಬೀಗ ಹಾಕಿಟ್ಟು, ಕೀ ಕ್ಲರ್ಕ್ ಹತ್ರ ಇದ್ರೆ ಯಾವ ಮಾಡೆಲ್ ತಗೊಂಡ್ರೂ ಒಂದೇ.

ಮಡಗಾಂವ್_ಸ್ಟಾಫ್‌ನರ್ಸ್:

ನಾನು ಕಾರವಾರದವಳು, ಇಲ್ಲಿ ಗೋವಾದಲ್ಲಿ ಯೂರಾಲಜಿ ಒಟಿ ನೋಡಿಕೊಳ್ತೇನೆ. ಫ್ಲೆಕ್ಸಿಬಲ್ ಸ್ಕೋಪ್ ದೂರದಿಂದ ದರ್ಶನ ಅಂದಿರಲ್ಲ, ಅದನ್ನು ರೆಸಿಡೆಂಟ್ ಡಾಕ್ಟರಿಗೆ ಯಾಕೆ ಕೊಡುವುದಿಲ್ಲ ಅಂತ ನಾನು ಹೇಳ್ತೇನೆ. ರೋಗಿಗೆ ಏನಾಗ್ತದೆ ಅಂತ ಎಷ್ಟು ಹೆದರಿಕೆಯೋ, ಸ್ಕೋಪಿಗೆ ಏನಾಗ್ತದೆ ಅಂತ ಅಷ್ಟೇ ಹೆದರಿಕೆ. ರಿಪೇರಿಗೆ ಹೋದರೆ ಆ ಸ್ಕೋಪ್ ತಿಂಗಳುಗಟ್ಟಲೆ ಬರುವುದಿಲ್ಲ, ಲಿಸ್ಟ್ ನಿಲ್ತದೆ, ಬೈಗುಳ ನಮಗೆ.

ಸ್ಕೋಪ್ ಹಾಳಾಗುವುದು ಹೇಗೆ ಅಂತ ಕಣ್ಣಾರೆ ನೋಡಿದ್ದೇನೆ. ಡಾಕ್ಟರು ಕೆಳಗಿನ ಕ್ಯಾಲಿಕ್ಸ್‌ನ (ಕಿಡ್ನಿಯೊಳಗಿನ ಬಟ್ಟಲಿನಂಥ ಜಾಗ) ಕಲ್ಲು ನೋಡಲು ತುದಿಯನ್ನು ಪೂರ್ತಿ ಬಗ್ಗಿಸಿರ್ತಾರೆ. ಕಲ್ಲು ಕಂಡ ಖುಷಿಯಲ್ಲಿ ಹಾಗೆಯೇ "ಫೈಬರ್ ಕೊಡಿ" ಅಂತಾರೆ. ಬಗ್ಗಿದ ಸ್ಕೋಪಿನಲ್ಲಿ ಲೇಸರ್ ಫೈಬರ್ ತುರುಕಿದರೆ ಅದರ ಚೂಪು ತುದಿ ಒಳಗಿನ ಚಾನೆಲ್ ಕೊರೆದು ಬಿಡ್ತದೆ. ಮೊದಲು ತುದಿ ನೆಟ್ಟಗೆ ಮಾಡಬೇಕು, ಫೈಬರ್ ಹೊರಗೆ ಬಂದದ್ದು ಪರದೆಯಲ್ಲಿ ಕಾಣಬೇಕು, ಆಮೇಲೆ ಬಗ್ಗಿಸಬೇಕು. ಪೆಡಲ್ ಮೇಲೆ ಕಾಲು ಎಲ್ಲಕ್ಕಿಂತ ಕೊನೆಗೆ. ಫೈಬರ್ ತುದಿ ಸ್ಕೋಪಿನ ಒಳಗಿರುವಾಗ ಪೆಡಲ್ ಒತ್ತಿದರೆ ಆ ಸ್ಕೋಪಿನ ಕತೆ ಮುಗಿದ ಹಾಗೆ.

ಅದಕ್ಕೆ ಹೇಳುವುದು, ಮಾಡೆಲ್ ತಗೊಂಡರೆ ಸಾಲದು, ಅಭ್ಯಾಸಕ್ಕೆ ಬೇರೆ ಸ್ಕೋಪ್ ಇರಬೇಕು. ಒಂದೇ ಸಲ ಬಳಸುವ ಡಿಸ್ಪೋಸಬಲ್ ಸ್ಕೋಪ್ ಬರ್ತವಲ್ಲ, ಕೇಸ್ ಆದ ಮೇಲೆ ಅದನ್ನು ಬಿಸಾಡುವ ಬದಲು ತೊಳೆದು, ಡಿಸ್‌ಇನ್‌ಫೆಕ್ಟ್ ಮಾಡಿ, ದೊಡ್ಡ ಅಕ್ಷರದಲ್ಲಿ "ಅಭ್ಯಾಸಕ್ಕೆ ಮಾತ್ರ" ಅಂತ ಟೇಪ್ ಸುತ್ತಿ ಇಡಿ. ಕೆಲವು ಕಂಪನಿಯದ್ದು ಕೆಲವು ಗಂಟೆಯ ನಂತರ ಚಿಪ್ ಲಾಕ್ ಆಗಿ ಚಿತ್ರ ಬರುವುದಿಲ್ಲ. ಹಾಗಾದರೂ ಹೆಬ್ಬೆರಳಿನ ಲಿವರ್ ಕೆಲಸ ಮಾಡ್ತದೆ, ಫೈಬರ್ ಹಾಕಿ ತೆಗೆಯುವ ಅಭ್ಯಾಸಕ್ಕೆ ಅಷ್ಟು ಸಾಕು. ರೋಗಿಯ ಸ್ಕೋಪ್ ಜೊತೆ ಬೆರೆಯದ ಹಾಗೆ ಬೇರೆ ಕಪಾಟು, ಬೇರೆ ರಿಜಿಸ್ಟರ್. ಇದರಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ನೇತ್ರಾವತಿ_ಮುಂಬೈ:

ಸಿಸ್ಟರ್, ಇದು ನಮ್ಮ ಯಾವ ಪಾಠದಲ್ಲೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ನಾಳೆಯೇ ನಮ್ಮ ಒಟಿ ಇನ್‌ಚಾರ್ಜ್ ಹತ್ರ ಮಾತಾಡ್ತೀನಿ. ಪ್ರಾಣಿಗಳ ಅಂಗ ಬಳಸೋದರ ಬಗ್ಗೆ ಯಾರಿಗಾದ್ರೂ ಗೊತ್ತಾ? ಮೇಕೆ ಕಿಡ್ನಿ ನಮ್ಮ ಪಕ್ಕದ ಮಟನ್ ಅಂಗಡಿಯಲ್ಲೇ ಸಿಗುತ್ತೆ.

ಮಡಗಾಂವ್_ಸ್ಟಾಫ್‌ನರ್ಸ್:

ಮೇಕೆಯದ್ದು ಬೇಡ. ಇಲ್ಲಿ ವರ್ಕ್‌ಶಾಪ್ ಆದಾಗ ಡಾಕ್ಟರು ಎರಡನ್ನೂ ಸೀಳಿ ತೋರಿಸಿದ್ದರು. ಮೇಕೆ, ಕುರಿಯ ಕಿಡ್ನಿಯಲ್ಲಿ ಒಳಗೆ ಒಂದೇ ಏಣು, ನಮ್ಮ ಹಾಗೆ ಬೇರೆ ಬೇರೆ ಕ್ಯಾಲಿಕ್ಸ್ ಇಲ್ಲ. ಹಂದಿಯದ್ದು ಮನುಷ್ಯನ ಕಿಡ್ನಿಗೆ ಹತ್ತಿರ. ಗೋವಾದಲ್ಲಿ ಅದಕ್ಕೆ ಕಷ್ಟವಿಲ್ಲ, ಮಾರ್ಕೆಟ್‌ನಲ್ಲಿ ಹಿಂದಿನ ದಿನ ಹೇಳಿಟ್ಟರೆ ಯೂರೆಟರ್ ಉದ್ದ ಬಿಟ್ಟು ಕೊಯ್ದು ಕೊಡ್ತಾರೆ. ಉದ್ದ ಬಿಡಲು ಹೇಳುವುದು ಮರೀಬೇಡಿ, ಇಲ್ಲವಾದರೆ ಬುಡಕ್ಕೇ ಕತ್ತರಿಸಿ ಬಿಡ್ತಾರೆ. ಪಿಸಿಎನ್‌ಎಲ್ (ಬೆನ್ನಿನಿಂದ ಕಿಡ್ನಿಗೆ ತೂತು ಮಾಡಿ ಕಲ್ಲು ತೆಗೆಯುವುದು) ಚುಚ್ಚುವ ಅಭ್ಯಾಸಕ್ಕೆ ಆ ಕಿಡ್ನಿಯನ್ನು ಇಡೀ ಕೋಳಿಯ ಹೊಟ್ಟೆಯೊಳಗೆ ಇಟ್ಟು ಹೊಲಿಯುತ್ತಾರೆ, ಚರ್ಮ, ಮಾಂಸ, ಎಲುಬು ಎಲ್ಲ ದಾಟಿ ಸೂಜಿ ಹೋದ ಹಾಗೆ ಆಗ್ತದೆ. ಅಂದು ಊಟಕ್ಕೆ ಯಾರೂ ಚಿಕನ್ ಮುಟ್ಟಲಿಲ್ಲ.

ಭೋಸರಿ_ಮೌಲ್ಡರ್:

ಬೆಳಗಾವಿಯವನು, ಭೋಸರಿಯಲ್ಲಿ ರಬ್ಬರ್ ಮತ್ತು ಸಿಲಿಕೋನ್ ಮೌಲ್ಡಿಂಗ್ ಯೂನಿಟ್ ಇದೆ. ವೈದ್ಯಕೀಯ ನನಗೆ ಗೊತ್ತಿಲ್ಲ. ಆದರೆ ನೀವು ಹೇಳ್ತಿರೋ ಮಾಡೆಲ್ ನಮ್ಮಂಥವರ ಕೈಗೆ ಮೀರಿದ್ದಲ್ಲ. ರೋಗಿಯ ಹೆಸರು, ನಂಬರ್ ಎಲ್ಲ ತೆಗೆದು ಒಂದು ಸಿಟಿ ಸ್ಕ್ಯಾನಿನ ಚಿತ್ರಗಳಿರೋ ಡೈಕಾಮ್ ಫೈಲ್ ಕೊಡಿ. ಕಿಡ್ನಿಯ ಒಳಗಿನ ಖಾಲಿ ಜಾಗದ ಆಕಾರವನ್ನು 3ಡಿ ಪ್ರಿಂಟ್ ಮಾಡಿ, ಅದರಿಂದ ಮೇಣದ ಅಚ್ಚು ತೆಗೆದು, ಸುತ್ತ ಮೆತ್ತನೆ ಸಿಲಿಕೋನ್ ಹೊಯ್ಯೋದು. ಗಟ್ಟಿಯಾದ ಮೇಲೆ ಬಿಸಿ ನೀರಿನಲ್ಲಿಟ್ಟರೆ ಮೇಣ ಕರಗಿ ಹೊರಗೆ ಹೋಗುತ್ತೆ, ಒಳಗೆ ಕ್ಯಾಲಿಕ್ಸ್‌ಗಳು ಉಳಿಯುತ್ತವೆ. ಮೊದಲ ಅಚ್ಚಿಗೆ ಖರ್ಚು, ಆಮೇಲಿನವಕ್ಕೆ ಮಾಲಿನ ಬೆಲೆ ಮಾತ್ರ. ಹರಿದರೆ ಇನ್ನೊಂದು ಹೊಯ್ದರಾಯ್ತು.

ಒಂದು ತೊಂದರೆ ಈಗಲೇ ಹೇಳ್ತೀನಿ. ಒಣ ಸಿಲಿಕೋನ್ ಅಂದರೆ ಘರ್ಷಣೆ ಜಾಸ್ತಿ, ಸ್ಕೋಪ್ ಅಂಟಿಕೊಂಡ ಹಾಗೆ ಆಗುತ್ತೆ. ಸೋಪಿನ ನೀರು ಬಿಟ್ಟುಕೊಳ್ಳಿ. ಸಿಲಿಕೋನ್ ಎಣ್ಣೆ ಹಾಕಬೇಡಿ, ಅದನ್ನು ಹೀರಿ ಮಾಡೆಲ್ ಉಬ್ಬುತ್ತೆ.

ಕೋಥ್ರೂಡ್_ವಿಜಾಪುರದಾಂವ:

ಛಲೋ ಆತು, ಊರಾನವರ ಸಿಕ್ರಿ! ಟಿಯುಆರ್‌ಪಿಗೂ ಒಂದು ಬೇಕು ನೋಡ್ರಿ. ಈಗ ಗುಳಿಗಿ ಛಲೋ ಬಂದಾವ, ಲೇಸರ್ ಬಂದೈತಿ, ಹುಡುಗರಿಗೆ ಟಿಯುಆರ್‌ಪಿ ಕೇಸು ಮೊದಲಿನಷ್ಟು ಸಿಗೂದಿಲ್ಲ. ಮಾಡೆಲ್‌ನಾಗ ವೆರುಮೊಂಟಾನಮ್ (ಪ್ರಾಸ್ಟೇಟ್ ಒಳಗಿನ ಗುರುತಿನ ದಿಬ್ಬ) ಸ್ಪಷ್ಟ ಕಾಣಬೇಕು. ಅದರ ಆಚೆ ಮೂತ್ರ ತಡಿಯೂ ಸ್ಫಿಂಕ್ಟರ್, ಅಲ್ಲಿ ಕೊಯ್ಯೂ ಲೂಪ್ ಹೋತಂದ್ರ ಆ ಮನಷ್ಯಾ ಜೀವನಪೂರ್ತಿ ಒದ್ದಿ ಬಟ್ಟಿಯಾಗ. ನಾ ಆದ್ರ ವೆರು ಕೆಳಗ ಕೆಂಪು ಬಣ್ಣದ ಪದರ ಹಾಕ್ರಿ ಅಂತೀನಿ. ಕೆಂಪು ಚಿಪ್ ಬಂದ್ರ ಫೇಲ್.

ಕೊಯ್ಯೂ ಕೈ ಬರಲಿ ಅಂತ ಕೋಳಿ ಎದಿ ಮಾಂಸದ ಮ್ಯಾಲ, ಆಲೂಗಡ್ಡಿ ಮ್ಯಾಲ ಮಾಡಸೂದೂ ಐತಿ. ಕೊಯ್ಯೂ ಕರೆಂಟ್ ಮೊನೊಪೋಲಾರ್ ಇದ್ರ ಸಲೈನ್ ಹಾಕಬ್ಯಾಡ್ರಿ, ಕರೆಂಟ್ ನೀರಿನಾಗ ಚದರಿ ಹೋಗಿ ಲೂಪ್ ಕೊಯ್ಯೂದ ಇಲ್ಲ. ಗ್ಲೈಸಿನ್ ಬೇಕು, ಮಾಂಸದ ಕೆಳಗ ಕರೆಂಟ್ ವಾಪಸ್ ಹೋಗಾಕ ಪ್ಲೇಟೂ ಬೇಕು. ಬೈಪೋಲಾರ್ ಆದ್ರ ಸಲೈನ್ ನಡೀತೈತಿ, ಪ್ಲೇಟ್ ಬ್ಯಾಡ.

ನೇತ್ರಾವತಿ_ಮುಂಬೈ:

ನಮ್ಮ ಜೂನಿಯರ್‌ಗಳಿಗೆ ಸಿಸ್ಟೋಸ್ಕೋಪಿಯೇ ಮೊದಲ ಕಷ್ಟ. ಕ್ಯಾಮೆರಾ ನೆಟ್ಟಗೆ ಹಿಡಿದು ಲೈಟ್ ಕೇಬಲ್ ಇರೋ ಸ್ಕೋಪಿನ ಭಾಗ ಮಾತ್ರ ತಿರುಗಿಸಬೇಕು, ಅವರು ಎರಡನ್ನೂ ಒಟ್ಟಿಗೆ ತಿರುಗಿಸ್ತಾರೆ, ಪರದೆಯಲ್ಲಿ ಬ್ಲ್ಯಾಡರ್ ಗಿರಗಿರ ಅಂತ ಸುತ್ತುತ್ತೆ. ಇದಕ್ಕೂ ದುಡ್ಡಿನ ಮಾಡೆಲ್ ಬೇಕಾ?

ಡೊಂಬಿವಿಲಿ_ಅನಸ್ತೇಶಿಯಾ:

ಇದಕ್ಕೆ ನನ್ನ ಗಂಡನ ಸಲಹೆ, ಅವರೂ ಸರ್ಜನ್: ದಪ್ಪ ಕ್ಯಾಪ್ಸಿಕಂ. ತೊಟ್ಟಿನ ಕಡೆ ಮುಚ್ಚಳದ ಹಾಗೆ ಕತ್ತರಿಸಿ, ಒಳಗೋಡೆಯಲ್ಲಿ ಅಲ್ಲಲ್ಲಿ ಮಾರ್ಕರ್‌ನಿಂದ ಚುಕ್ಕೆ ಇಟ್ಟು, ಮುಚ್ಚಿ ಟೇಪ್ ಹಾಕಿ. ತಳದಲ್ಲಿ ತೂತು ಮಾಡಿ ಸ್ಕೋಪ್ ಬಿಡಿ. ಯಾವ ಬಣ್ಣದ ಚುಕ್ಕೆ ಯಾವ ಗೋಡೆಯಲ್ಲಿ ಅಂತ ಹೇಳಿಸಿ. ಬೀಜದ ಗೊಂಚಲು ಪ್ಯಾಪಿಲರಿ ಟ್ಯೂಮರ್ ಥರಾನೇ ಕಾಣುತ್ತೆ, ಸುಮ್ಮನೆ ಹೇಳ್ತಿಲ್ಲ.

ಭೋಸರಿ_ಮೌಲ್ಡರ್:

ಸ್ಕೋಪೂ ಬೇಡ ಅಂದ್ರೆ ಮುಂಬೈನ ಲ್ಯಾಮಿಂಗ್ಟನ್ ರೋಡಿನಲ್ಲಿ ಯುಎಸ್‌ಬಿ ಬೋರೋಸ್ಕೋಪ್ (ವೈರಿನ ತುದಿಯಲ್ಲಿ ಕ್ಯಾಮೆರಾ) ಸಿಗುತ್ತೆ, ಫೋನಿಗೇ ಹಾಕಬಹುದು. ನಾವು ಪೈಪ್ ಒಳಗೆ ನೋಡೋಕೆ ಬಳಸ್ತೀವಿ. ದಪ್ಪ 5.5 ಮಿಲಿಮೀಟರ್.

ಕೋಥ್ರೂಡ್_ವಿಜಾಪುರದಾಂವ:

5.5 ಅಂದ್ರ 16 ಫ್ರೆಂಚ್ ಚಿಲ್ಲರ್. ಫ್ಲೆಕ್ಸಿಬಲ್ ಸಿಸ್ಟೋಸ್ಕೋಪ್ ಬರೋಬರಿ ಅಷ್ಟ ದಪ್ಪ ಇರತೈತಿ! ತುದಿ ಬಾಗೂದಿಲ್ಲ, ಅದೊಂದ ಕೊರತಿ.

ಘಾಟ್‌ಕೋಪರ್_ಹೋಟೆಲಿನವ:

ಕೋಳಿ, ಆಲೂಗಡ್ಡೆ, ಕ್ಯಾಪ್ಸಿಕಂ ಅಂತ ಓದುತ್ತ ಬಂದು ನಮ್ಮ ಕಿಚನ್ನಿನ ಆರ್ಡರ್ ಪಟ್ಟಿಯೇ ಅಂದುಕೊಂಡೆ. ತಮಾಷೆ ಇರಲಿ. ಡೊಂಬಿವಿಲಿ ಮೇಡಂ ಕೇಳಿದ್ದು ನನಗೆ ಸರಿ ಕಂಡಿತು. ನಮ್ಮಲ್ಲಿ ಹೊಸ ಹುಡುಗನಿಗೆ ದೋಸೆ ಕಾವಲಿ ಕೊಡುವುದು ಮಧ್ಯಾಹ್ನ ಮೂರು ಗಂಟೆಗೆ, ಗಿರಾಕಿ ಇಲ್ಲದ ಹೊತ್ತಿಗೆ. ಆದರೆ ಭಟ್ಟರು ಪಕ್ಕದಲ್ಲಿ ನಿಂತಿರಬೇಕು, ಅವರಿಗೆ ಆ ಹೊತ್ತಿನ ಸಂಬಳ ನಾನು ಕೊಡಬೇಕು. ನಿಮ್ಮ ದಾನಿಗಳು ಯಂತ್ರಕ್ಕೆ ಕೊಡ್ತಾರೆ, ಭಟ್ಟರಿಗೆ ಕೊಡ್ತಾರಾ?

ಡೊಂಬಿವಿಲಿ_ಅನಸ್ತೇಶಿಯಾ:

ನಾನು ಇಷ್ಟುದ್ದ ಬರೆದಿದ್ದನ್ನ ಅಣ್ಣ ನಾಲ್ಕು ಸಾಲಿನಲ್ಲಿ ಮುಗಿಸಿದ್ರು. ನೇತ್ರಾವತಿ, ಟಿಪ್ಪಣಿಯಲ್ಲಿ ಮಾಡೆಲ್ ಹೆಸರಿಗಿಂತ ಮುಂಚೆ ಇದನ್ನ ಬರೀರಿ: ವಾರದಲ್ಲಿ ಇಂಥ ದಿನ, ಇಂಥ ಹೊತ್ತು, ಇಂಥ ಫ್ಯಾಕಲ್ಟಿ. ಡ್ಯೂಟಿ ರೋಸ್ಟರ್‌ನಲ್ಲಿ ಬರಬೇಕು, ಆ ಹೊತ್ತು ಅವರಿಗೆ ಒಪಿಡಿ ಇರಬಾರದು. ದಾನಿಯ ಹಣದಲ್ಲಿ ಒಬ್ಬ ನಿವೃತ್ತ ಯೂರಾಲಜಿಸ್ಟ್‌ಗೆ ಗೌರವಧನ ಕೊಟ್ಟು ಕೂರಿಸಿದ್ರೆ ವಿಆರ್‌ಗಿಂತ ಹೆಚ್ಚು ಕೆಲಸ ಆಗುತ್ತೆ ಅಂತ ನನ್ನ ಅಭಿಪ್ರಾಯ. ಬಾಸ್‌ಗೆ ಇಷ್ಟ ಆಗಲ್ಲ, ಯಾಕಂದ್ರೆ ಫೋಟೋದಲ್ಲಿ ಯಂತ್ರ ಚೆನ್ನಾಗಿ ಕಾಣುತ್ತೆ.

ಕೋಥ್ರೂಡ್_ವಿಜಾಪುರದಾಂವ:

ಅಂಕಾ ಹೆಂಗ ಹಾಕೂದು ಅನ್ನೂದಕ್ಕೂ ಯಂತ್ರ ಬ್ಯಾಡ. ಟೊರಾಂಟೋದವರದ ಓಸ್ಯಾಟ್ಸ್ ಪಟ್ಟಿ ಐತಿ, 7 ಅಂಶ, ಒಂದೊಂದಕ್ಕ 5, ಒಟ್ಟು 35. ಲಂಡನ್ ಟ್ರಯಲಿನ್ಯಾಗ 28 ಬಂದ್ರ ಹದಕ್ಕ ಬಂದಾನ ಅಂತ ತಿಳಕೊಂಡಿದ್ರು. ಅಂಗಾಂಶದ ಮ್ಯಾಲ ಗೌರವ, ಸಾಮಾನು ಹಿಡಿಯೂ ರೀತಿ, ಸಹಾಯಕನ್ನ ಬಳಸೂ ರೀತಿ, ಹಿಂಗ. ಮಾನಿಟರಿನ ವಿಡಿಯೋ ಉಳಿಸಿ, ಹೆಸರು ಕಾಣಧಂಗ ಇಬ್ಬರಿಗೆ ಕಳಸು. ನನಗೂ ಕಳಸು, ರಾತ್ರಿ ಕೂತ ನೋಡತೀನಿ, ಗೌರವಧನ ಏನೂ ಬ್ಯಾಡ.

ಒಂದ ಎಚ್ಚರಿಕೆ: ಹೊಸಬರಿಗೂ ಪಳಗಿದವರಿಗೂ ಸಮಾ ಅಂಕ ಬರಾಕತ್ತಿದ್ರ ಆ ಆಟ ಬದಲಿಸು. ಅದು ಏನನ್ನೂ ಅಳಿಯಾಕತ್ತಿಲ್ಲ ಅಂತ ಅರ್ಥ.

ನೇತ್ರಾವತಿ_ಮುಂಬೈ:

ಸರ್, ಇದನ್ನ ಹಿಡಿದುಕೊಳ್ತೀನಿ, ಆಮೇಲೆ ಇಲ್ಲ ಅನ್ನಬಾರದು. ಸದ್ಯಕ್ಕೆ ನಾನು ಬರೆಯೋದು: ವಿಆರ್ ಬೇಡ. ಭೋಸರಿಯಿಂದ ಒಂದು ಕಿಡ್ನಿ–ಯೂರೆಟರ್–ಬ್ಲ್ಯಾಡರ್ ಮಾಡೆಲ್, ಅಭ್ಯಾಸದ ಸ್ಕೋಪುಗಳಿಗೆ ಬೇರೆ ಕಪಾಟು, ಶನಿವಾರ ಮಧ್ಯಾಹ್ನ ಫ್ಯಾಕಲ್ಟಿ ಹೆಸರಿನ ಸಮೇತ. ಪಿಸಿಎನ್‌ಎಲ್‌ಗೆ ಸಿ-ಆರ್ಮ್ (ಎಕ್ಸ್‌ರೇ ಯಂತ್ರ) ಬೇಕು, ರೇಡಿಯೇಶನ್ ತಲೆನೋವು ಬೇರೆ, ಅದನ್ನ ಆಮೇಲೆ ನೋಡೋಣ. ಭೋಸರಿ ಅಣ್ಣಾ, ಅಭ್ಯಾಸದ ಕಲ್ಲು ಯಾವುದರಿಂದ ಮಾಡೋದು? ಪ್ಲಾಸ್ಟರ್ ಆಫ್ ಪ್ಯಾರಿಸ್ ಆಗುತ್ತಾ?

ಭೋಸರಿ_ಮೌಲ್ಡರ್:

ಆಗುತ್ತೆ, ಆದರೆ ಮೆತ್ತಗೆ. ನೀರಿನಲ್ಲಿ ಹೆಚ್ಚು ಹೊತ್ತಿದ್ದರೆ ಪುಡಿ ಉದುರುತ್ತೆ. ಹಲ್ಲಿನ ಲ್ಯಾಬ್‌ನವರು ಅಚ್ಚಿಗೆ ಬಳಸೋ ಡೆಂಟಲ್ ಸ್ಟೋನ್ ಗಟ್ಟಿ ಬರುತ್ತೆ. ಎರಡೂ ಥರ ಮಾಡಿ ಕಳಿಸ್ತೀನಿ.

ಮಡಗಾಂವ್_ಸ್ಟಾಫ್‌ನರ್ಸ್:

ಯಾರೂ ನೀರಿನ ಬಗ್ಗೆ ಹೇಳಲಿಲ್ಲ. ಇರಿಗೇಶನ್ ಬಿಟ್ಟ ಮೇಲೆ ಅಷ್ಟೂ ನೀರು ಮಾಡೆಲ್‌ನಿಂದ ಮೇಜಿಗೆ, ಮೇಜಿನಿಂದ ನೆಲಕ್ಕೆ. ಕೆಳಗೆ ವೈರ್, ಪೆಡಲ್ ಎಲ್ಲ ಇರ್ತದೆ. ಅಂಚು ಎತ್ತರ ಇರುವ ಟ್ರೇ, ಅದಕ್ಕೆ ಒಂದು ತೂತು, ಪೈಪ್, ಕೆಳಗೆ ಬಕೆಟ್. ಟ್ರೇಯನ್ನು ಮಾಡೆಲ್ ಜೊತೆಗೇ ಮಾಡಿಸಿ, ಆಮೇಲೆ ಪಿಡಬ್ಲ್ಯೂಡಿಗೆ ಬರೆದು ಕಾಯಬೇಡಿ.

ಭೋಸರಿ_ಮೌಲ್ಡರ್:

ಟ್ರೇ ಅಳತೆ ಕಳಿಸಿ ಸಿಸ್ಟರ್, ಸ್ಟೀಲಿನಲ್ಲೇ ಬಗ್ಗಿಸಿ ಕೊಡಿಸ್ತೀನಿ. ತೂತು ಯಾವ ಕಡೆ ಬೇಕು ಅಂತಲೂ ಬರೀರಿ.